ಫ್ರಿಜ್ಜಿನಂಥ ನೀರಿಗೆ ಇಳಿದದ್ದು

ಕೇಳುಗರಿಗೆ ನಮಸ್ಕಾರ.

ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರಿನಾಳಕ್ಕೆ ಮುಳುಗುವುದು, ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ, ಇಲ್ಲವೇ ಅಂಡಮಾನ್. ಬೆಚ್ಚಗಿನ ನೀಲಿ ನೀರು. ನಾನು ಕಲಿತದ್ದು ಮಾತ್ರ ಅಮೆರಿಕದ ಸಿಯಾಟಲ್‌ನಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಕಡಲಿನ ಕವಲಿನಲ್ಲಿ. ಅಲ್ಲಿ ನೀರು ಚಳಿಗಾಲದಲ್ಲಿ ಸುಮಾರು 8 ಡಿಗ್ರಿ, ಬೇಸಿಗೆಯಲ್ಲಿ 12–13. ಬಣ್ಣ ಪಾಚಿ ಹಸಿರು. "ನಿನಗೇನು ತಲೆ ಕೆಟ್ಟಿದೆಯಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ತುಲಾಸ್ನಾನಕ್ಕೆಂದು ಬೆಳಗಿನ ಜಾವ ಕಾವೇರಿಗೆ ಇಳಿಯುವವಳು!

ಆದರೂ ನಾನು ಹೇಳುವುದು ಇಷ್ಟೇ. ಮನೆ ಹತ್ತಿರ ಯಾವ ನೀರಿದೆಯೋ ಅಲ್ಲೇ ಕಲಿಯಿರಿ. ವರ್ಷಕ್ಕೊಮ್ಮೆ ರಜೆಯಲ್ಲಿ ಮುಳುಗಿದರೆ ಪ್ರತಿ ಸಲವೂ ಅಆಇಈಯಿಂದ ಶುರು ಮಾಡಬೇಕು. ಸಿಯಾಟಲ್‌ನ ಸೀಕ್ರೆಸ್ಟ್ ಪಾರ್ಕಿಗೆ ಶನಿವಾರ ಬೆಳಿಗ್ಗೆ ಹೋದರೆ, ದಡದಿಂದಲೇ ನಡೆದು ನೀರಿಗೆ ಇಳಿಯಬಹುದು. ದೋಣಿ ಬೇಡ. ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್.

ಮೊದಲ ಕೋರ್ಸಿನ ಹೆಸರು ಓಪನ್ ವಾಟರ್. ಪಾಠ, ಈಜುಕೊಳದ ಅಭ್ಯಾಸ, ಆಮೇಲೆ ನಾಲ್ಕು ಸಲ ಹೊರಗಿನ ನೀರಿನಲ್ಲಿ ಮುಳುಗುವುದು. ಪಾಸಾದವರಿಗೆ 18 ಮೀಟರ್ ಆಳದವರೆಗೆ ಪರವಾನಗಿ. ಆರೋಗ್ಯದ ಫಾರಂ ಒಂದು ಕೊಡುತ್ತಾರೆ. ಆಸ್ತಮಾ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ, ಡಾಕ್ಟರನ್ನು ಕೇಳಿ.

ಇನ್ನು ಚಳಿ. ಗಾಳಿಗಿಂತ ಸುಮಾರು 25 ಪಟ್ಟು ಬೇಗ ನೀರು ಮೈ ಶಾಖವನ್ನು ಎಳೆದುಕೊಳ್ಳುತ್ತದೆ. ಅದಕ್ಕೆ 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಎಂಬ ಮೈಗಂಟುವ ರಬ್ಬರ್ ಉಡುಪು, ತಲೆಗೆ ಹುಡ್, ಕೈಗೆ ಗವಸು. ವೆಟ್‌ಸೂಟಿನೊಳಗೆ ನೀರು ನುಗ್ಗುತ್ತದೆ, ಮೈ ಅದನ್ನು ಬೆಚ್ಚಗೆ ಮಾಡಿಕೊಳ್ಳುತ್ತದೆ. ಆಳಕ್ಕೆ ಹೋದಂತೆ ಸೂಟು ಒತ್ತಿ ತೆಳ್ಳಗಾಗುವುದರಿಂದ ಚಳಿ ಜಾಸ್ತಿ. ಡ್ರೈಸೂಟ್ ಆದರೆ ನೀರೇ ಒಳಗೆ ಬರುವುದಿಲ್ಲ, ಒಳಗೆ ಉಣ್ಣೆ ಬಟ್ಟೆ ಹಾಕಿಕೊಳ್ಳಬಹುದು. ದುಬಾರಿ. ಮೊದಲು ಬಾಡಿಗೆಗೆ ತನ್ನಿ. ದಪ್ಪ ಸೂಟು ನಿಮ್ಮನ್ನು ಬೆಂಡಿನಂತೆ ತೇಲಿಸುತ್ತದೆ, ಮುಳುಗಲು ಸೊಂಟಕ್ಕೆ ಸೀಸದ ತೂಕ ಕಟ್ಟಬೇಕು. ಸಿಲಿಂಡರೂ ಸೇರಿ ದಡದ ಕಲ್ಲುಗಳ ಮೇಲೆ ನಡೆಯುವಾಗ ಅಕ್ಕಿ ಮೂಟೆ ಹೊತ್ತ ಹಮಾಲಿಯೇ ಸರಿ.

ನನ್ನನ್ನು ಹೆದರಿಸಿದ್ದು ಮೈ ಚಳಿ ಅಲ್ಲ, ಮುಖದ ಚಳಿ. ಈಜುಕೊಳದಲ್ಲಿ ಮಾಸ್ಕಿಗೆ ನೀರು ತುಂಬಿಸಿ ಮೂಗಿನಿಂದ ಊದಿ ಹೊರಹಾಕುವುದು ಆಟವಾಗಿತ್ತು. ಕಡಲಿನಲ್ಲಿ ಅದನ್ನೇ ಮಾಡಿದಾಗ ಕಣ್ಣು, ಹಣೆ, ಮೂಗಿಗೆ ಸೂಜಿ ಚುಚ್ಚಿದಂತಾಯಿತು. ಉಸಿರು ಸಿಕ್ಕಿಕೊಂಡಿತು. ಸುಮ್ನೆ ಮೇಲೆ ಚಿಮ್ಮಿಬಿಡೋಣ ಅನ್ನಿಸಿತು. ಅದೇ ಅಪಾಯ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಗಾಯ ಮಾಡಬಹುದು. ಕಲಿಸುವವರು ನನ್ನ ಭುಜ ಹಿಡಿದು, ತಮ್ಮ ಕೈಯನ್ನು ಎದೆ ಮುಂದೆ ನಿಧಾನವಾಗಿ ಆಡಿಸಿ ತೋರಿಸಿದರು: ಒಳಗೆ, ಹೊರಗೆ. ಅರ್ಧ ನಿಮಿಷದಲ್ಲಿ ಸರಿಹೋಯಿತು.

ಮುಂದಿನ ವಾರ ಅವರು ಒಂದು ಉಪಾಯ ಹೇಳಿಕೊಟ್ಟರು. ಸೊಂಟದುದ್ದ ನೀರಿನಲ್ಲಿ ನಿಂತು, ಮಾಸ್ಕ್ ಇಲ್ಲದೆ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು ಬಾಯಲ್ಲಿಟ್ಟು, ಮುಖವನ್ನು ಒಂದು ನಿಮಿಷ ಮುಳುಗಿಸಿಡಿ. ಮುಖಕ್ಕೆ ಚಳಿ ಒಗ್ಗುತ್ತದೆ. ಇವತ್ತಿಗೂ ಹಾಗೇ ಮಾಡುತ್ತೇನೆ. ಫ್ಲಾಸ್ಕಿನಲ್ಲಿ ಬಿಸಿನೀರು ತಂದು ಗವಸಿನೊಳಗೆ ಸುರಿದುಕೊಳ್ಳುವುದೂ ಅಲ್ಲಿನವರಿಂದ ಕಲಿತದ್ದೇ. ಕೈ ಸುಡದಷ್ಟು ಬಿಸಿ ಸಾಕು.

ಒಬ್ಬರೇ ಇಳಿಯಬೇಡಿ. ಜೊತೆಗಾರನಿಗೆ ಅಲ್ಲಿ 'ಬಡ್ಡಿ' ಅನ್ನುತ್ತಾರೆ. ಬ್ಯಾಂಕಿನದಲ್ಲ!

ಆ ಹಸಿರು ನೀರಿನಲ್ಲಿ ನೋಡಲು ಏನಿದೆ ಅಂತೀರಾ? ಪೆಸಿಫಿಕ್‌ನ ದೈತ್ಯ ಆಕ್ಟೋಪಸ್ ಇದೆ. 2012ರಲ್ಲಿ ಸೀಕ್ರೆಸ್ಟಿನಲ್ಲಿ ಒಬ್ಬರು ಅದನ್ನು ಹಿಡಿದು ಕೊಂದಾಗ ಊರೆಲ್ಲ ಗದ್ದಲವಾಯಿತು. ಮರುವರ್ಷ ಅಲ್ಲಿ ಆಕ್ಟೋಪಸ್ ಹಿಡಿಯುವುದನ್ನೇ ನಿಷೇಧಿಸಿದರು. ಬಂಡೆ ಸಂದಿಯೇ ಅದರ ಮನೆ. ಅಂಗಳದಲ್ಲಿ ತಿಂದುಳಿದ ಏಡಿ ಚಿಪ್ಪಿನ ರಾಶಿ. ಟಾರ್ಚ್ ಬಿಟ್ಟೆ. ಕೆಂಪು ತೋಳು, ಬಟ್ಟಲಿನಂಥ ಹೀರುಗುಳಿಗಳು, ಒಂದು ಕಣ್ಣು. ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬೆರಳು ಮರಗಟ್ಟಿದ ಮೇಲೆ ಜೊತೆಗಾರನಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ನೀರಿನೊಳಗೆ ಅದಕ್ಕೆ 'ಭೇಷ್' ಅಂತ ಅರ್ಥವಲ್ಲ. 'ಮೇಲೆ ಹೋಗೋಣ' ಅಂತ.