ಮೊದಲ ರೋಡ್ ಬೈಕ್: ಹಣ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ರೋಡ್ ಬೈಕ್, ಅಂದರೆ ಟಾರು ರಸ್ತೆಯಲ್ಲಿ ವೇಗವಾಗಿ ಓಡಿಸುವ ಬಾಗಿದ ಹ್ಯಾಂಡಲಿನ ಸೈಕಲ್ಲು, ಕೊಳ್ಳಲು ಹೊರಟವರು ಮೊದಲು ಕೇಳುವುದು ತೂಕ ಎಷ್ಟು, ಗೇರ್ ಎಷ್ಟು ಅಂತ. ಎರಡೂ ಕೇಳಬೇಕಾದ ಮಾತೇ, ಆದರೆ ಕೊನೆಗೆ ಕೇಳಬೇಕಾದ ಮಾತು. ಸೈಕಲ್ಲಿನಲ್ಲಿ ಟೈರು, ಸೀಟು, ಪೆಡಲ್, ಚೈನು ಇವನ್ನೆಲ್ಲ ಯಾವಾಗ ಬೇಕಾದರೂ ಬದಲಾಯಿಸಿಕೊಳ್ಳಬಹುದು. ಫ್ರೇಮಿನ ಅಳತೆಯನ್ನು, ಅದರೊಳಗೆ ಹಿಡಿಯುವ ಟೈರಿನ ಅಗಲವನ್ನು, ಅದು ಯಾವ ಬ್ರೇಕಿಗಾಗಿ ತಯಾರಾಗಿದೆ ಅನ್ನುವುದನ್ನು ಬದಲಾಯಿಸಲು ಬರುವುದಿಲ್ಲ. ಕೈಯಲ್ಲಿರುವ ಹಣ ಕಡಿಮೆ ಇದ್ದಾಗ ಅದು ಮೊದಲು ಈ ಬದಲಾಗದ ವಿಷಯಗಳಿಗೆ ಹೋಗಬೇಕು ಅನ್ನುವುದು ನನ್ನ ವಾದ.

ಅಳತೆಯಿಂದಲೇ ಶುರು ಮಾಡೋಣ. ಫ್ರೇಮಿನ ಮೇಲೆ 52, 54, 56 ಅಂತ ಅಂಟಿಸಿರುತ್ತಾರೆ. ಒಂದು ಕಂಪನಿಯ 54 ಇನ್ನೊಂದು ಕಂಪನಿಯ 54ರ ಹಾಗೆ ಇರಬೇಕೆಂದೇನೂ ಇಲ್ಲ. ನಿಜವಾಗಿ ಹೋಲಿಸಲು ಬರುವುದು ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಂಕಿಗಳನ್ನು. ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ತಿರುಗುವ ಅಚ್ಚಿನಿಂದ ಹೆಡ್ ಟ್ಯೂಬಿನ (ಹ್ಯಾಂಡಲಿನ ಕೆಳಗಿರುವ ಫ್ರೇಮಿನ ಮುಂಗೊಳವೆಯ) ನೆತ್ತಿ ಎಷ್ಟು ಎತ್ತರದಲ್ಲಿದೆ ಅನ್ನುವುದು ಸ್ಟ್ಯಾಕ್, ಅದೇ ಅಚ್ಚಿನಿಂದ ಎಷ್ಟು ಮುಂದಕ್ಕಿದೆ ಅನ್ನುವುದು ರೀಚ್. ರೀಚ್ ಜಾಸ್ತಿಯಾದರೆ ಹ್ಯಾಂಡಲ್ ದೂರ ಹೋಗುತ್ತದೆ, ಸ್ಟ್ಯಾಕ್ ಕಡಿಮೆಯಾದರೆ ಕೆಳಗಿಳಿಯುತ್ತದೆ. ಎರಡೂ ಒಟ್ಟಿಗೆ ಆದಾಗ ಒಂದು ಗಂಟೆ ಕಳೆಯುವಷ್ಟರಲ್ಲಿ ಕುತ್ತಿಗೆ ಬಿಗಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಹಾಗಾಗಿ ಮೊದಲ ಸೈಕಲ್ಲಿಗೆ ಎಂಡ್ಯೂರೆನ್ಸ್ ಎಂದು ಕರೆಯುವ, ಸ್ವಲ್ಪ ಎತ್ತರವಾಗಿ ಕೂರಿಸುವ ಫ್ರೇಮೇ ವಾಸಿ. ಹ್ಯಾಂಡಲನ್ನು ಹಿಡಿದಿರುವ ತುಂಡಾದ ಸ್ಟೆಮ್ ಬದಲಿಸಿ ಒಂದೆರಡು ಸೆಂಟಿಮೀಟರ್ ಸರಿಮಾಡಿಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದು ಆಗದ ಮಾತು. ಅರ್ಧ ಬೆಲೆಗೆ ಸಿಗುತ್ತದೆ ಎಂದು ಒಂದು ಅಳತೆ ದೊಡ್ಡದನ್ನು ತರುವುದಿದೆಯಲ್ಲ, ಅದಕ್ಕಿಂತ ದುಬಾರಿ ವ್ಯಾಪಾರ ಇನ್ನೊಂದಿಲ್ಲ. ಅದು ಮೂಲೆ ಸೇರುತ್ತದೆ.

ಇಲ್ಲಿ ನಿಲ್ಲಿಸಿರುವ ಸೈಕಲ್ಲಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ನೋಡಿ. ಟೈರು 28 ಮಿಲಿಮೀಟರಿನದು. ಟೈರಿಗೂ ಫೋರ್ಕಿಗೂ ನಡುವೆ ಎರಡೂ ಬದಿಯಲ್ಲಿ ನನ್ನ ಕಿರುಬೆರಳು ಸಲೀಸಾಗಿ ಓಡಾಡುತ್ತಿದೆ. ಅಂದರೆ ನಾಳೆ ಇದಕ್ಕೆ 32 ಹಾಕಬಹುದು. ಬಹಳ ವರ್ಷ ರೋಡ್ ಬೈಕ್ ಅಂದರೆ 23 ಮಿಲಿಮೀಟರಿನ ಟೈರು, ಕಲ್ಲಿನಂತೆ ಗಟ್ಟಿ ಗಾಳಿ ಎಂದೇ ನಡೆದುಬಂತು. ರಸ್ತೆ ನುಣುಪಾಗಿಲ್ಲದ ಕಡೆ ಅಂಥ ಟೈರು ಪ್ರತಿ ತರಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲೆತ್ತುತ್ತದೆ, ಮುಂದೆ ಹೋಗಬೇಕಾದ ಶಕ್ತಿ ಅದರಲ್ಲಿ ಪೋಲಾಗುತ್ತದೆ. ಅಗಲದ ಟೈರಿಗೆ ಕಡಿಮೆ ಗಾಳಿ ಸಾಕು. ಅದು ತರಿಯನ್ನು ತಾನೇ ನುಂಗಿಕೊಳ್ಳುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮಿನ ಅಂಚಿಗೆ ಸಿಕ್ಕಿ ಟ್ಯೂಬ್ ಹರಿಯುವುದೂ ತಗ್ಗುತ್ತದೆ. ಕಡಿಮೆ ಬೆಲೆಯ ಸೈಕಲ್ಲುಗಳ ಜೊತೆ ಬರುವ ಟೈರು ಸಾಮಾನ್ಯವಾಗಿ ದಪ್ಪ, ಒರಟು. ಅದನ್ನು ತೆಗೆದು ಒಂದು ಒಳ್ಳೆಯ ಜೊತೆ ಹಾಕಿದರೆ ಸಿಗುವ ಸುಖ ಅಷ್ಟೇ ಹಣದ ಬೇರೆ ಯಾವ ಭಾಗದಿಂದಲೂ ಸಿಗುವುದಿಲ್ಲ. ಆದರೆ ಫ್ರೇಮಿನಲ್ಲಿ ಜಾಗ ಇರಬೇಕು, ಅದಕ್ಕೇ ಎಷ್ಟು ಅಗಲದವರೆಗೆ ಹಿಡಿಯುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ.

ಈ ಸೈಕಲ್ಲಿನ ಫ್ರೇಮು ಅಲ್ಯೂಮಿನಿಯಂ, ಫೋರ್ಕ್ ಕಾರ್ಬನ್. ಮೊದಲ ಸೈಕಲ್ಲಿನ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಸ್ಟೀಲ್ ಇಷ್ಟವಾದರೆ ತೆಗೆದುಕೊಳ್ಳಿ, ತುಸು ಭಾರ ಅಷ್ಟೆ. ಅಗ್ಗದ ಕಾರ್ಬನ್ ಫ್ರೇಮಿನ ಆಸೆಗೆ ಚಕ್ರ, ಬ್ರೇಕುಗಳಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಬ್ರೇಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ಎಟುಕಿದರೆ ಅದನ್ನೇ ತೆಗೆದುಕೊಳ್ಳಿ. ಮಳೆಯಲ್ಲಿ, ಉದ್ದನೆಯ ಇಳಿಜಾರಿನಲ್ಲಿ ಒಂದೇ ಬೆರಳಿಗೆ ಬಗ್ಗುವ ಬ್ರೇಕು ಅದು. ಎಟುಕದಿದ್ದರೆ, ಕಳಪೆ ಕೇಬಲ್ ಡಿಸ್ಕಿಗಿಂತ ಚಕ್ರದ ರಿಮ್ಮನ್ನೇ ಹಿಡಿಯುವ ಒಳ್ಳೆಯ ರಿಮ್ ಬ್ರೇಕೇ ಮೇಲು. ಅದು ಹಗುರ, ರಿಪೇರಿ ಸುಲಭ. ಒಂದು ಮಾತು ಮಾತ್ರ ನೆನಪಿರಲಿ: ರಿಮ್ ಬ್ರೇಕಿನ ಫ್ರೇಮಿಗೆ ಮುಂದೆ ಡಿಸ್ಕ್ ಕೂರಿಸಲು ಬರುವುದಿಲ್ಲ, ಅಗಲದ ಟೈರಿಗೂ ಅದರಲ್ಲಿ ಜಾಗ ಕಡಿಮೆ.

ಈಗ ಗೇರು. ಗೇರು ತಯಾರಿಸುವ ಶಿಮಾನೊ ಕಂಪನಿಯ ಮಾದರಿಗಳ ಮೆಟ್ಟಿಲು ಬಹಳ ಜನಕ್ಕೆ ಬಾಯಿಪಾಠ: ಕ್ಲಾರಿಸ್‌ನಲ್ಲಿ ಹಿಂದೆ 8 ಹಲ್ಲುಚಕ್ರ, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10, 105ರಲ್ಲಿ 11 ಅಥವಾ 12. ಒಂದು ಮೆಟ್ಟಿಲು ಹತ್ತಿದಾಗ ಸಿಗುವುದು ಗೇರುಗಳ ನಡುವಿನ ಅಂತರ ಸಣ್ಣದಾಗುವುದು, ಲಿವರ್ ಇನ್ನಷ್ಟು ನಯವಾಗುವುದು. ಬೇಡವೆನ್ನುವುದಿಲ್ಲ. ಆದರೆ ಎಷ್ಟು ಗೇರು ಅನ್ನುವುದಕ್ಕಿಂತ ತುಳಿಯಲು ಅತಿ ಹಗುರವಾದ ಗೇರು ಯಾವುದು ಅನ್ನುವುದು ಮುಖ್ಯ, ಅದನ್ನು ಕೇಳುವವರೇ ಕಡಿಮೆ.

ಲೆಕ್ಕ ಹಾಕಿ ನೋಡೋಣ. ರೋಡ್ ಬೈಕಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಮುಂದೆ 34 ಹಲ್ಲು, ಹಿಂದೆ 28 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು 2.55 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9.2 ಕಿಲೋಮೀಟರ್ ವೇಗ. ಸವಾರ, ಸೈಕಲ್ಲು ಎರಡೂ ಸೇರಿ 85 ಕಿಲೋ ಇದ್ದು ಏರು ನೂರಕ್ಕೆ 8ರಷ್ಟಿದ್ದರೆ, ಬರೀ ಮೇಲೇರುವುದಕ್ಕೇ 170 ವ್ಯಾಟ್ ಬೇಕು. ಹಿಂದೆ 34 ಹಲ್ಲಿನ ಚಕ್ರ ಇದ್ದರೆ ಅದೇ 60 ಸುತ್ತಿಗೆ ವೇಗ 7.6ಕ್ಕೆ ಇಳಿಯುತ್ತದೆ, ಬೇಕಾಗುವ ಶಕ್ತಿ 140 ವ್ಯಾಟ್. ಹೊಸಬರ ಕಾಲಿಗೆ ಈ 30 ವ್ಯಾಟ್ ಸಣ್ಣದಲ್ಲ. ಒಬ್ಬರು ಕೂತೇ ಏರು ಮುಗಿಸುತ್ತಾರೆ, ಇನ್ನೊಬ್ಬರು ಇಳಿದು ತಳ್ಳುತ್ತಾರೆ. ಆದ್ದರಿಂದ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ (50/34), ಹಿಂದೆ ದೊಡ್ಡದು 32 ಅಥವಾ 34 ಇರುವುದನ್ನೇ ಹುಡುಕಿ. ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಆಮೇಲೆ ಬದಲಿಸೋಣ ಎಂದುಕೊಂಡಿದ್ದರೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಎಷ್ಟು ಹಲ್ಲಿನವರೆಗೆ ತಡೆದುಕೊಳ್ಳುತ್ತದೆ ಅನ್ನುವುದನ್ನೂ ವಿಚಾರಿಸಿಕೊಳ್ಳಿ, ಅದಕ್ಕೂ ಮಿತಿ ಇದೆ.

ಅತಿ ಅಗ್ಗದ, 7 ಗೇರಿನ ಸೈಕಲ್ಲುಗಳ ಬಗ್ಗೆ ಎಚ್ಚರ. ಇವುಗಳಲ್ಲಿ ಹೆಚ್ಚಾಗಿ ಚಕ್ರದ ನಡುವಿನ ಹಬ್ ಮೇಲೆ ತಿರುಪಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು, ಅಂದರೆ ಫ್ರೀವೀಲ್ ಇರುತ್ತದೆ. ಅಲ್ಲಿ ಬಲಬದಿಯ ಬೇರಿಂಗ್ ಒಳಗೆ ಸರಿದು ಕೂತಿರುವುದರಿಂದ ಅಚ್ಚಿನ ಒಂದು ತುಂಡಿಗೆ ಆಸರೆಯೇ ಇರುವುದಿಲ್ಲ, ಗುಂಡಿಗೆ ಬಿದ್ದೂ ಬಿದ್ದೂ ಅದು ಬಾಗುತ್ತದೆ, ಮುರಿಯುವುದೂ ಉಂಟು. ಕ್ಯಾಸೆಟ್ ಕೂರುವ ಫ್ರೀಹಬ್‌ನಲ್ಲಿ ಬೇರಿಂಗ್ ಅಂಚಿನ ಹತ್ತಿರವೇ ಇರುತ್ತದೆ. ಗೇರು ಬದಲಿಸುವ ಲಿವರನ್ನೂ ನೋಡಿ. ಹೆಬ್ಬೆರಳಿನ ಗುಂಡಿ ಇರುವ ಅಗ್ಗದ ಲಿವರುಗಳಲ್ಲಿ, ಹ್ಯಾಂಡಲಿನ ಕೆಳಬಾಗು ಹಿಡಿದಿದ್ದಾಗ ಆ ಗುಂಡಿ ಕೈಗೆ ಎಟುಕುವುದಿಲ್ಲ. ಈ ಎರಡು ಕಾರಣಕ್ಕೆ ನಾನು ಕ್ಲಾರಿಸ್‌ಗಿಂತ ಕೆಳಗೆ ಇಳಿಯಬೇಡಿ ಎನ್ನುತ್ತೇನೆ.

ತೂಕ? ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದ ಪ್ರಕಾರ ರೇಸಿನ ಸೈಕಲ್ಲು 6.8 ಕಿಲೋಗಿಂತ ಹಗುರ ಇರುವಂತಿಲ್ಲ. ಮೊದಲ ಮೆಟ್ಟಿಲಿನ ಸೈಕಲ್ಲುಗಳು ಸಾಮಾನ್ಯವಾಗಿ 9ರಿಂದ 11 ಕಿಲೋ ತೂಗುತ್ತವೆ. ಒಟ್ಟು 85 ಕಿಲೋದಲ್ಲಿ ಒಂದು ಕಿಲೋ ಇಳಿಸಿದರೆ ಒಂದು ಗಂಟೆಯ ಏರಿನಲ್ಲಿ ಉಳಿಯುವುದು ಸುಮಾರು 40 ಸೆಕೆಂಡು. ಸಮತಟ್ಟಿನಲ್ಲಂತೂ ವೇಗ ಹೆಚ್ಚಿದ ಹಾಗೆ ನಮ್ಮನ್ನು ತಡೆಯುವುದು ಗಾಳಿ, ಅದರಲ್ಲೂ ಬಹುಪಾಲು ತಡೆ ನಮ್ಮ ಮೈಯದೇ. ತುಸು ಬಾಗಿ ಒಂದು ತಾಸು ನೋವಿಲ್ಲದೆ ಕೂರುವಂಥ ಅಳತೆಯ ಸೈಕಲ್ಲು ಒಂದು ಕಿಲೋ ಹಗುರ ಸೈಕಲ್ಲಿಗಿಂತ ಬೇಗ ಊರು ಮುಟ್ಟಿಸುತ್ತದೆ.

ಬಳಸಿದ ಸೈಕಲ್ಲು ಕೊಂಡರೆ ಅದೇ ಹಣಕ್ಕೆ ಒಂದೆರಡು ಮೆಟ್ಟಿಲು ಮೇಲಿನದು ಸಿಗಬಹುದು, ನೋಡಲು ಬರಬೇಕಷ್ಟೆ. ಪೆಡಲಿನ ಕಡೆಯಿಂದ ಮೇಲೇರಿ ಬರುವ ಡೌನ್ ಟ್ಯೂಬು ಹೆಡ್ ಟ್ಯೂಬನ್ನು ಸೇರುವ ಜಾಗದ ಅಡಿಭಾಗ ಸವರಿ. ಅಲ್ಲಿ ಸುಕ್ಕು, ಉಬ್ಬು, ಬಣ್ಣದಲ್ಲಿ ಬಿರುಕು ಇದ್ದರೆ ಮುಂದಿನಿಂದ ಗುದ್ದಿರುವ ಸೈಕಲ್ಲು, ಬಿಟ್ಟುಬಿಡಿ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಹೆಡ್‌ಸೆಟ್ ಕಟಕಟ ಅನ್ನಬಾರದು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುಮಧ್ಯದಿಂದ ಅದರಾಚೆಯ 24ನೇ ಪಿನ್ನಿನ ನಡುಮಧ್ಯಕ್ಕೆ ಅಳತೆಪಟ್ಟಿ ಇಡಿ. ಹೊಸ ಚೈನಾದರೆ 304.8 ಮಿಲಿಮೀಟರ್ ಬರುತ್ತದೆ. 307 ದಾಟಿದ್ದರೆ ಚೈನು ಮಾತ್ರವಲ್ಲ, ಕ್ಯಾಸೆಟ್ಟೂ ಸವೆದಿರುವ ಸಂಭವ ಇದೆ. ಆ ಎರಡರ ಬೆಲೆಯನ್ನು ಮಾತುಕತೆಯಲ್ಲಿ ಕಳೆಯಲು ಹೇಳಿ, ಸಂಕೋಚ ಬೇಡ.

ಇದ್ದ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯಬೇಡಿ. ಹೆಲ್ಮೆಟ್, ಪಂಪು, ಎರಡು ಟ್ಯೂಬು, ಟೈರ್ ಲಿವರು, ದೀಪ, ಕೆಲವು ಸಲ ಪೆಡಲ್ ಕೂಡ ಬೇರೆಯಾಗಿಯೇ ಕೊಳ್ಳಬೇಕಾಗುತ್ತದೆ. ಕೊಳ್ಳುವ ಮೊದಲು ಅರ್ಧ ಗಂಟೆಯಾದರೂ ಓಡಿಸಲು ಕೇಳಿ. ಸೀಟಿನ ಎತ್ತರ ಸರಿಮಾಡಿಸಿಕೊಂಡೇ ಹೊರಡಿ: ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಅತಿ ಕೆಳಕ್ಕೆ ತಂದಾಗ ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಹೊಸ ಕೇಬಲ್ಲು ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲವಾಗಿ ಗೇರು ತಡವರಿಸತೊಡಗುತ್ತದೆ. ಅದು ಸೈಕಲ್ಲಿನ ದೋಷವಲ್ಲ, ಕೊಂಡ ಕಡೆಯೇ ಮೊದಲ ಸರ್ವಿಸ್ ಬೆಲೆಯಲ್ಲಿ ಸೇರಿದೆಯೇ ಎಂದು ಆವತ್ತೇ ಕೇಳಿಕೊಂಡು ಬನ್ನಿ.