ಎರಿ ಬಿರಿದಾಗ ಇಲಿಗೆ ಮನೆ

ಕೇಳುಗರಿಗೆ ನಮಸ್ಕಾರ.

ಬೇಸಿಗೆಯಲ್ಲಿ ಮಾನ್ವಿ ಕಡೆಯ ಎರಿ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ ಹೋದರೆ ನೆಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ಬಿರುಕಿಗೆ ಒಂದು ಜೋಳದ ದಂಟು ಇಳಿಸಿ ನೋಡಿ, ಮೊಳದುದ್ದ ಸಲೀಸಾಗಿ ಹೋಗುತ್ತದೆ. ಕತ್ತಲಾಗುವ ಹೊತ್ತಿಗೆ ಅಲ್ಲಿಂದಲೇ ಮೆತ್ತನೆಯ ಕೂದಲಿನ ಸಣ್ಣ ಇಲಿಯೊಂದು ಮೂತಿ ಹೊರಗೆ ಹಾಕುತ್ತದೆ. ಮಿಲಾರ್ಡಿಯಾ ಮೆಲ್ಟಾಡ ಎಂಬುದು ಅದರ ಶಾಸ್ತ್ರೀಯ ಹೆಸರು. ಬಿಲ ತೋಡುವುದರಲ್ಲಿ ಬಲು ಸೋಮಾರಿ. ಭೂಮಿಯೇ ಮನೆ ಕಟ್ಟಿಕೊಟ್ಟ ಮೇಲೆ ಅದಾದರೂ ಯಾಕೆ ತೋಡೀತು?

ಆದರೆ ಆ ಮನೆಗೆ ಬಾಡಿಗೆ ಭಾರಿ. ಎರಿ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮುಂಗಾರು ಜೋರಾಗಿ ಹೊಡೆದರೆ ಬಿರುಕು ಮುಚ್ಚಿ, ಒಳಗಿದ್ದ ಇಲಿಗಳು ಅಲ್ಲೇ ಸಮಾಧಿ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಇದನ್ನು 1839ರಲ್ಲೇ ಬರೆದಿಟ್ಟಿದ್ದಾನೆ. 1826ರಲ್ಲಿ ಮೊದಲ ಮಳೆ ಕೈಕೊಟ್ಟಿತು, ಬಿರುಕು ಮುಚ್ಚಲಿಲ್ಲ, ಇಲಿಗಳು ಹೊಲಕ್ಕೆ ಹೊಲವನ್ನೇ ಮುತ್ತಿದವು. ಇಲಿಯ ಲೆಕ್ಕ ಹಿಡಿಯುವುದು ಬೆಕ್ಕಲ್ಲ, ಮಳೆ!

ಮಸಾರಿ ಹೊಲದ ಸಂಗತಿ ಬೇರೆ. ಸಡಿಲ ಕೆಂಪು ಮಣ್ಣು ಎರಿಯ ಹಾಗೆ ಬಿರಿಯುವುದಿಲ್ಲ, ತೋಡಲೇಬೇಕು. ಅಲ್ಲಿ ಜರ್ಬಿಲ್ ಎಂಬ ಇಲಿ ಇದೆ. ಬಿಳಿ ಹೊಟ್ಟೆ, ದೊಡ್ಡ ಕಣ್ಣು, ಬಾಲದ ತುದಿಗೆ ಕುಚ್ಚು. ಮೂತ್ರದಲ್ಲಿ ಹೋಗುವ ನೀರನ್ನೂ ಉಳಿಸಿಕೊಳ್ಳುವ ಮೂತ್ರಪಿಂಡ ಅದಕ್ಕಿದೆ. ಬರದ ನಾಡಿಗೆ ಹೇಳಿ ಮಾಡಿಸಿದ ಪ್ರಾಣಿ.

ಮಣ್ಣಿಗೂ ಇಲಿಗೂ ಇರುವ ನಂಟು ನೋಡಲು ದೂರದ ಇಸ್ರೇಲಿಗೆ ಹೋಗೋಣ. ಅಲ್ಲಿ ಸ್ಪ್ಯಾಲಾಕ್ಸ್ ಎಂಬ ಕುರುಡು ಇಲಿ ಇದೆ. ಕಣ್ಣಿನ ಮೇಲೆ ಚರ್ಮವೇ ಬೆಳೆದಿದೆ. ಹಲ್ಲಿನಿಂದ ಅಗೆದು, ತಲೆಯಿಂದ ಮಣ್ಣು ತಳ್ಳಿ ಬದುಕುತ್ತದೆ. ಉತ್ತರದಿಂದ ದಕ್ಷಿಣದ ಒಣನಾಡಿಗೆ ಹೋದಂತೆ ಅದರ ವರ್ಣತಂತುಗಳ ಸಂಖ್ಯೆ 52ರಿಂದ 60ಕ್ಕೆ ಏರುತ್ತದೆ, ಮೈ ಸಣ್ಣದಾಗುತ್ತದೆ. ಅಲ್ಲಿನ ಗಲಿಲೀ ಪ್ರದೇಶದಲ್ಲಿ ಸುಣ್ಣದ ಮಣ್ಣೂ ಕಪ್ಪು ಬಸಾಲ್ಟ್ ಮಣ್ಣೂ ಅಕ್ಕಪಕ್ಕದಲ್ಲೇ ಇವೆ, ನಮ್ಮ ಎರಿ ಮಸಾರಿ ಇದ್ದ ಹಾಗೆ. ಅಲ್ಲಿ ಒಂದೇ ಜಾತಿ ಎರಡಾಗಿ ಒಡೆಯುತ್ತಿದೆ ಎನ್ನುತ್ತಾರೆ ವಿಜ್ಞಾನಿಗಳು.

ನಮ್ಮಲ್ಲಿ ಯಾಕೆ ಹಾಗಾಗಿಲ್ಲ? ನನಗೆ ತೋಚುವುದು ಇಷ್ಟು: ಕುರುಡು ಇಲಿ ನೆಲದಿಂದ ಹೊರಗೆ ಬರುವುದೇ ಅಪರೂಪ, ಮಣ್ಣು ಬದಲಾದ ಗೆರೆ ಅದಕ್ಕೆ ಗೋಡೆಯಿದ್ದಂತೆ. ನಮ್ಮವು ರಾತ್ರಿ ಮೇಲೆ ಬಂದು, ಬದು ದಾಟಿ, ಪಕ್ಕದ ಹೊಲದಲ್ಲಿ ಊಟ ಮಾಡಿ ಬರುತ್ತವೆ. ಹೊಲದ ತಕರಾರೆಲ್ಲ ಮನುಷ್ಯರದು.

ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರಿನ ಎಷ್ಟೋ ಎರಿ ಹೊಲ ಭತ್ತದ ಗದ್ದೆಯಾಯಿತು. ಹಸಿ ನೆಲ ಬಿರಿಯುವುದಿಲ್ಲ. ಬಿರುಕಿನ ಮನೆ ಅಲ್ಲಿ ಸಿಗದು, ನೀರಾವರಿ ನೆಲ ಇಷ್ಟಪಡುವ ಹೆಗ್ಗಣಕ್ಕೆ ಹಬ್ಬ. ಬದುವಿನ ಮೇಲೆ ಹಸಿ ಮಣ್ಣಿನ ಗುಡ್ಡೆ ಕಂಡರೆ ಕೆದಕಿ ನೋಡಿ, ಬಿಲದ ಬಾಯಿ ಮುಚ್ಚಿರುತ್ತದೆ. ಒಳಗಿನಿಂದ ಹೆಗ್ಗಣವೇ ಮುಚ್ಚಿಕೊಂಡದ್ದು.

ನಮಸ್ಕಾರ.