ಸಂಜೆ ಆರಕ್ಕೆ ಕಾಲು ಎಲ್ಲಿಗೆ ಹೋಗುತ್ತೆ?

ತಾಯಂದಿರೇ, ಅಣ್ಣಂದಿರೇ, ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಿರುವ ತಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಇವತ್ತು ಜೂನ್ 26, ಮಾದಕ ವಸ್ತು ವಿರೋಧಿ ದಿನ. ನನಗಿಂತ ಮೊದಲು ಡಾಕ್ಟರು ಲಿವರಿನ ಚಿತ್ರ ತೋರಿಸಿದರು, ಪೊಲೀಸ್ ಸಾಹೇಬರು ಕಾನೂನು ಹೇಳಿದರು. ನನ್ನ ಹತ್ತಿರ ಎರಡೂ ಇಲ್ಲ. ಹದಿನಾಲ್ಕು ವರ್ಷ ಕುಡಿದೆ, 2014ರಲ್ಲಿ ಬಿಟ್ಟೆ. ಅದೇ ನನ್ನ ಸರ್ಟಿಫಿಕೇಟು. ನಮ್ಮ ಮನೆಯವಳು ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಹಾಗಾಗಿ ಸುಳ್ಳು ಹೇಳೋಕೂ ಆಗಲ್ಲ.

ಆಮಂತ್ರಣದಲ್ಲಿ ‘ನಿಸರ್ಗದ ಮಡಿಲಲ್ಲಿ ವ್ಯಸನಮುಕ್ತಿ’ ಅಂತ ದೊಡ್ಡದಾಗಿ ಹಾಕಿದ್ದಾರೆ. ಮಡಿಲು ಗಿಡಿಲು ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋದು ಸಂಡೂರಿನಿಂದ ನಾರಿಹಳ್ಳದ ಕಡೆ ಹೋಗುವ ದಾರಿ ಮತ್ತು ಸಂಜೆ ಆರು ಗಂಟೆ. ಕುಡಿಯೋದನ್ನು ಬಿಡಬಹುದು, ಸಂಜೆ ಆರು ಗಂಟೆಯನ್ನು ಬಿಡೋಕಾಗಲ್ಲ. ಅದು ದಿನಾ ಬರುತ್ತೆ. ಭಾನುವಾರವೂ ರಜೆ ಇಲ್ಲ.

ನಾನು ಅದಿರು ಲಾರಿಗಳ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಆಗಿನ ಸಂಡೂರು ನಿಮಗೆಲ್ಲ ನೆನಪಿದೆ. ಎಲೆ ಕೆಂಪು, ಎಮ್ಮೆ ಕೆಂಪು, ನಾವು ಉಗುಳಿದ್ದೂ ಕೆಂಪು. ಸಂಜೆ ಟ್ರಿಪ್ ಲೆಕ್ಕ ಮುಗಿಸಿದರೆ ಕಾಲು ತಾನಾಗಿಯೇ ಬಾರಿನ ಕಡೆ. ಗಂಟಲಲ್ಲಿ ಧೂಳು ಕೂತಿದೆ, ತೊಳೀಬೇಕು ಅಂತ ನೆಪ. 2007ರಲ್ಲಿ ಸಾರಾಯಿ ನಿಂತಾಗ ಊರಿನ ಹೆಂಗಸರೆಲ್ಲ ಖುಷಿಪಟ್ಟರು. ನಾನು ಒಂದು ವಾರದೊಳಗೆ ನೈಂಟಿಗೆ ಬಡ್ತಿ ಪಡೆದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಲ್ಲಿಸಿತು. ಧೂಳು ಹೋಯಿತು, ಕೆಲಸವೂ ಹೋಯಿತು. ಗಂಟಲು ತೊಳೆಯೋದು ಮಾತ್ರ ನಿಲ್ಲಲಿಲ್ಲ.

ಬಿಟ್ಟ ಕಥೆ ಉದ್ದ ಇದೆ, ಅದನ್ನು ಬಿಡ್ತೀನಿ. ಆದರೆ ಒಂದನ್ನು ಹೇಳಲೇಬೇಕು. ದಿನಾ ಕುಡಿಯುವವನನ್ನು ಒಂದೇ ಸಲಕ್ಕೆ ಬಿಡಿಸಿ, ಗುಡ್ಡಕ್ಕೆ ಕರಕೊಂಡು ಹೋಗಿ ಗಾಳಿ ಕುಡಿಸ್ತೀನಿ ಅಂತ ಯಾರೂ ಹೊರಡಬೇಡಿ. ಕುಡಿತ ನಿಂತ ಆರೆಂಟು ಗಂಟೆಗೆ ಕೈ ನಡುಗೋಕೆ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತೆ, ಮೈಮೇಲೆ ಹುಳ ಹರಿದಂಗೆ ಆಗುತ್ತೆ, ಜೀವಕ್ಕೇ ಅಪಾಯ. ಮೊದಲು ಆಸ್ಪತ್ರೆ. ಗುಡ್ಡ ಆಮೇಲೆ. ಗುಡ್ಡ ಎಲ್ಲಿಗೂ ಓಡಿ ಹೋಗಲ್ಲ. (ಗಣಿ ಕಾಲದಲ್ಲಿ ಓಡಿ ಹೋಗಿದ್ದೂ ಉಂಟು, ಅದು ಬೇರೆ ಮಾತು.)

ಆಸ್ಪತ್ರೆಯಿಂದ ಬಂದು ನಾಲ್ಕನೇ ದಿನ. ಐದೂವರೆ ಆಯಿತು. ಮನೆಯಲ್ಲಿ ಎದ್ದೆ, ಕೂತೆ, ಮತ್ತೆ ಎದ್ದೆ. ಚಪ್ಪಲಿ ಹಾಕಿದೆ, ಬಿಚ್ಚಿದೆ. ನಮ್ಮವಳು ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ, ಕಾವಲಿಗೆ ಕೂತಿದ್ದಳು ಅಷ್ಟೇ. ಆಗ ಸೋದರಮಾವ ಬಂದ. ಅವನಿಗೆ ಹನ್ನೆರಡು ಆಡು. ‘ಒಂದು ಆಡು ಕಾಣವಲ್ದು, ಬಾರಲೇ ಹುಡುಕೋಣ’ ಅಂದ.

ನಾರಿಹಳ್ಳದ ಕಡೆ ಹೊರಟೆವು. ಆಡು ಕಪ್ಪು, ಒಂದು ಕಿವಿ ಮಾತ್ರ ಬಿಳಿ. ಆ ಬಿಳಿ ಕಿವಿ ಹುಡುಕೋಕೆ ಶುರು ಮಾಡಿದೆ ನೋಡಿ, ಮೊದಲ ಸಲ ಕಣ್ಣು ಬಿಟ್ಟಂಗಾಯ್ತು. ಸೀತಾಫಲದ ಗಿಡದ ಸಂದಿಯಲ್ಲಿ ಬೆಳ್ಳಗೆ ಏನೋ ಕಂಡಿತು, ಹೋಗಿ ನೋಡಿದರೆ ಪ್ಲಾಸ್ಟಿಕ್ ಚೀಲ. ಬಂಡೆಯ ಮೇಲೆ ಬೆಳ್ಳಗೆ ಇನ್ನೊಂದು, ಅದು ಹಕ್ಕಿ ಹಿಕ್ಕೆ. ಮಾವ ಹಿಕ್ಕೆ ಮುಟ್ಟಿ ನೋಡಿ ‘ಇದು ಆಡಿಂದಲ್ಲ’ ಅಂದ, ದೊಡ್ಡ ಪತ್ತೇದಾರನ ಹಾಗೆ. ಜಾಲಿ ಮುಳ್ಳು ಚಪ್ಪಲಿ ದಾಟಿ ಹಿಮ್ಮಡಿಗೆ ಚುಚ್ಚಿತು. ಒಂದು ಕಾಲಲ್ಲಿ ನಿಂತು, ಮಾವನ ಹೆಗಲು ಹಿಡಿದು ಮುಳ್ಳು ಕಿತ್ತೆ. ಕೈ ನಡುಗುತ್ತಾ ಇತ್ತು, ಎರಡು ಸಲ ಜಾರಿತು, ಮೂರನೇ ಸಲಕ್ಕೆ ಬಂತು. ಬೆವರಿನಲ್ಲಿ ಅಂಗಿ ಅಂಟಿಕೊಂಡಿತು. ಗುಡ್ಡದ ಹಿಂದೆ ಸೂರ್ಯ ಮುಳುಗಿದ. ಕತ್ತಲಾಯಿತು. ಬರಿಗೈಯಲ್ಲಿ ವಾಪಸ್ ಬಂದೆವು.

ಆಡು ಮನೆಯಲ್ಲಿತ್ತು! ಅಂಗಳದಲ್ಲಿ ಒಣಗಲು ಹಾಕಿದ್ದ ಜೋಳವನ್ನು ಮುಕ್ಕುತ್ತಾ ನಿಂತಿತ್ತು. ನಾನು ಗೋಡೆ ಗಡಿಯಾರ ನೋಡಿದೆ. ಏಳೂ ನಲವತ್ತು. ಆರು ಗಂಟೆ ಯಾವಾಗ ಬಂತು, ಯಾವಾಗ ಹೋಯಿತು, ನನಗೆ ಗೊತ್ತೇ ಆಗಿರಲಿಲ್ಲ.

ಮಾವ ಬೇಕಂತಲೇ ಆಡನ್ನು ಕಟ್ಟಿ ಹಾಕಿ ಬಂದಿದ್ದನಾ ಅಂತ ಇವತ್ತಿಗೂ ಅನುಮಾನ ಇದೆ. ಕೇಳಿದರೆ ನಗ್ತಾನೆ.

ಆಮೇಲೆ ಡಾಕ್ಟರ ಹತ್ತಿರ ಹೇಳಿದೆ. ಅವರು ಅಂದರು, ಕುಡೀಬೇಕು ಅನ್ನೋ ಆಸೆ ಅಲೆ ಇದ್ದ ಹಾಗೆ. ಏರುತ್ತೆ, ತಡೆದುಕೊಂಡರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತೆ. ಮನೆಯ ನಾಲ್ಕು ಗೋಡೆ ಮಧ್ಯೆ ಆ ಅರ್ಧ ಗಂಟೆ ಅರ್ಧ ದಿನ ಆಗುತ್ತೆ. ಹೊರಗೆ ಕಣ್ಣಿಗೆ ಕೆಲಸ ಇದೆ, ಕಾಲಿಗೆ ಕೆಲಸ ಇದೆ. ಅಲ್ವಾ?

ಹೊರದೇಶದಲ್ಲೂ ಇಂಥದ್ದನ್ನು ಅಳೆದು ನೋಡಿದ್ದಾರೆ. 1984ರಲ್ಲಿ ರೋಜರ್ ಉಲ್ರಿಚ್ ಅನ್ನುವವರು ಅಮೆರಿಕದ ಒಂದು ಆಸ್ಪತ್ರೆಯ 46 ಜನರ ಲೆಕ್ಕ ಪ್ರಕಟಿಸಿದರು. ಎಲ್ಲರಿಗೂ ಪಿತ್ತಕೋಶದ ಆಪರೇಷನ್ ಆಗಿತ್ತು. ಅರ್ಧ ಜನರ ಕಿಟಕಿಗೆ ಮರ ಕಾಣುತ್ತಿತ್ತು, ಇನ್ನರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮುಂಚೆ ಮನೆಗೆ ಹೋದರು, ನೋವಿನ ದೊಡ್ಡ ಔಷಧಿಯೂ ಕಡಿಮೆ ಸಾಕಾಯಿತು. ಅವರು ಕುಡುಕರಲ್ಲ, ಅದನ್ನೂ ಹೇಳಿಬಿಡ್ತೀನಿ. ಆದರೂ ಇಟ್ಟಿಗೆ ಗೋಡೆ ನೋಡಿಕೊಂಡು ಕೂತವನ ಪಾಡು ನನಗೆ ಗೊತ್ತು. ಜಪಾನಿನಲ್ಲಿ 1982ರಿಂದ ‘ಕಾಡಿನ ಸ್ನಾನ’ ಅಂತ ಸರ್ಕಾರವೇ ಜನರನ್ನು ಕಾಡಿಗೆ ಕಳಿಸ್ತಾ ಇದೆ. ಇನ್ನು ನಮ್ಮ ಸಂಡೂರು. ಗಾಂಧೀಜಿ 1934ರಲ್ಲಿ ಬಂದಾಗ ‘ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ’ ಅಂದರು ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ನಾವೇ ನೋಡಿಲ್ಲ. ಹದಿನಾಲ್ಕು ಸೆಪ್ಟೆಂಬರ್ ನಾನು ಬಾರಿನ ಫ್ಯಾನ್ ನೋಡಿದೆ.

ತಮ್ಮಂದಿರೇ, ಒಂದು ಮೋಸಕ್ಕೆ ಬೀಳಬೇಡಿ. ಮೊದಲ ತಿಂಗಳು ಗುಡ್ಡ ಬೋರ್ ಹೊಡೆಯುತ್ತೆ. ಹಕ್ಕಿ ಕೂಗಿದರೆ ತಲೆನೋವು, ಹಸಿರು ಕಂಡರೆ ‘ಏನೈತಿ ಇದರಾಗ’ ಅನಿಸುತ್ತೆ. ನಿಮ್ಮಲ್ಲಿ ಏನೂ ಕೆಟ್ಟಿಲ್ಲ. ಜೋರು ಸುಖಕ್ಕೆ ಒಗ್ಗಿದ ಮಿದುಳಿಗೆ ಸಣ್ಣ ಸುಖ ರುಚಿಸೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಖಾರ ಜಾಸ್ತಿ ತಿಂದ ನಾಲಿಗೆಗೆ ಮಜ್ಜಿಗೆ ಅನ್ನ ಸಪ್ಪೆ ಆಗಲ್ವಾ, ಹಾಗೆ. ನನಗೆ ಮೂರನೇ ತಿಂಗಳಲ್ಲಿ ಒಂದು ದಿನ ಮಳೆ ಬಿದ್ದ ಮಣ್ಣಿನ ವಾಸನೆ ಬಂತು. ಹದಿನಾಲ್ಕು ವರ್ಷ ಆ ವಾಸನೆ ಎಲ್ಲಿತ್ತು? ದಾರಿಯಲ್ಲಿ ನಿಂತು ಅತ್ತೆ. ಮಾವ ಆಡಿನ ಕಡೆ ತಿರುಗಿಕೊಂಡ.

ಇನ್ನೊಂದು. ನಮ್ಮ ಕೆರೆ ಏರಿ, ಡ್ಯಾಮಿನ ದಂಡೆ, ಎಲ್ಲ ಕಡೆ ಒಡೆದ ಬಾಟಲಿ. ನಿಸರ್ಗಕ್ಕೆ ಹೋಗಿಯೇ ಕುಡಿಯುವವರು ನಾವು. ಹಾಗಾಗಿ ಹಳೇ ಜಾಗಕ್ಕೆ ಹೋಗಬೇಡಿ, ಹಳೇ ಗೆಳೆಯರ ಜೊತೆ ಹೋಗಬೇಡಿ, ಮಿರ್ಚಿ ಕಟ್ಟಿಕೊಂಡು ಹೋಗಬೇಡಿ. ಮಿರ್ಚಿ ವಾಸನೆ ಬಂದರೆ ಇವತ್ತಿಗೂ ನನ್ನ ಬಾಯಲ್ಲಿ ನೀರೂರೋದು ಮಿರ್ಚಿಗಲ್ಲ.

ಹಾಗಂತ ಕತ್ತಲಾಗುವಾಗ ಒಬ್ಬರೇ ಕಾಡಿನೊಳಗೆ ನುಗ್ಗಲೂಬೇಡಿ. ಅದು ಕರಡಿ ಹೊರಡುವ ಹೊತ್ತು. ದರೋಜಿ ಕರಡಿಧಾಮದಲ್ಲಿ ನೋಡಿದ್ದೀರಲ್ಲ, ಬಂಡೆಗೆ ಬೆಲ್ಲದ ಪಾಕ ಬಳಿದು ಇಡ್ತಾರೆ, ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ಪಾಪ, ಅದಕ್ಕೂ ನಮ್ಮಂಗೇ ಸಂಜೆಯ ಚಟ ಹಿಡಿಸಿದ್ದೇವೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಎರಡು ನಿಮಿಷ ಅಂತ. ಆಡು ನನ್ನ ಟೈಮೆಲ್ಲ ತಿಂದುಬಿಟ್ಟಿತು. ನಿದ್ದೆಯ ಬಗ್ಗೆ ಹೇಳಬೇಕಿತ್ತು: ಬೆಳಗಿನ ಬಿಸಿಲಿಗೆ ಮೈಯೊಡ್ಡಿದರೆ ರಾತ್ರಿ ನಿದ್ದೆ ಹಳಿಗೆ ಬರೋಕೆ ಸಹಾಯ, ಅಷ್ಟು ಸಾಕು. ಕೈತೋಟದ ವಿಷಯ ಇತ್ತು, ಬಿಡ್ತೀನಿ. ರಾಯಚೂರಿನ ತಾಯಂದಿರು ಶುರು ಮಾಡಿದ ಮದ್ಯ ನಿಷೇಧದ ಹೋರಾಟ, 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರಲ್ಲ, ಅದನ್ನೂ ಹೇಳಬೇಕಿತ್ತು. ಗಂಡಂದಿರ ಕಾಲು ಬಾರಿಗೆ ಹೋದದ್ದಕ್ಕೆ ಹೆಂಡಂದಿರ ಕಾಲು ಅಷ್ಟು ದೂರ ಸವೆಯಿತು.

ಎರಡು ನಂಬರ್ ಬರೆದುಕೊಳ್ಳಿ. ಚಟ ಬಿಡಿಸುವ ಸಹಾಯವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಪುಕ್ಕಟೆ.

ನಾಳೆಯಿಂದ ನಾವು ಏಳೆಂಟು ಜನ ಸಂಜೆ ಐದೂಕಾಲಿಗೆ ಇದೇ ಗೇಟಿನ ಹತ್ತಿರ ಸೇರುತ್ತೇವೆ. ಕತ್ತಲಿಗೆ ಮುಂಚೆ ವಾಪಸ್. ಶೇಂಗಾ ನಾನು ತರ್ತೀನಿ, ನೀರಿನ ಬಾಟಲಿ ನೀವು ತನ್ನಿ. ನೀರಿರಲಿ ಅದರಲ್ಲಿ, ಮೂಸಿ ನೋಡೋಕೆ ನಮ್ಮ ಮಾವ ಬರ್ತಾನೆ.